ಎಡೆಗಿಟ್ಟ ಬಿಯರ್

ಬೆಳವಣಕಿಯಲ್ಲಿ ಲಗ್ನದ ಅಡಿಗೆಗೆ ಉಪ್ಪಿನ ಹದ ಹೇಳಲು ಒಂದು ಕಾಲಕ್ಕೆ ಹೊಳೆವ್ವನೇ ಬರಬೇಕಿತ್ತು. ಬಾಯಿ ಮುಕ್ಕಳಿಸಿ, ಅಂಗೈಗೆ ಸಾರು ಬಿಟ್ಟುಕೊಂಡು, ಎರಡು ಸಲ ನೆಕ್ಕಿದ ಮೇಲೆಯೇ ಅವಳ ಮಾತು. ಅಂಥವಳ ಮಾನವನ್ನು ಗಂಡ ಪರಶಪ್ಪ ತುಂಬಿದ ಪಂಕ್ತಿಯಲ್ಲಿ ಕಳೆದ.

'ಇಕಿ ನಾಲಿಗಿ ಸತ್ತೈತ್ರೋ! ಮನ್ಯಾಗ ದಿನಾ ಸಪ್ಪನ ಸಾರು ಉಣ್ಣಾಂವ ನಾನು.'

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆಮೇಲೆ ಅವಳು ಯಾರ ಒಲೆಯ ಹತ್ತಿರವೂ ಸುಳಿಯಲಿಲ್ಲ. ಸಂಜೆಗೊಂದು ಬಾಟ್ಲಿ ಬಿಯರ್ ಮುಗಿಸಿಯೇ ಊಟಕ್ಕೆ ಕೂಡುವ ಗಂಡನಿಗಾಗಿ ಮನೆಯ ಸಾರಿಗೆ ಉಪ್ಪು ಏರಿಸುತ್ತ ಹೋದಳು. ತನಗೆ ಹೆಚ್ಚೆನಿಸಿದರೂ ತನ್ನ ನಾಲಿಗೆಯನ್ನು ನಂಬಲಿಲ್ಲ. ಇಪ್ಪತ್ತೆರಡು ವರ್ಷ 'ಇನ್ನೂ ಸಪ್ಪಗೈತಿ' ಎನ್ನುತ್ತಲೇ ಪರಶಪ್ಪ ತೀರಿಕೊಂಡ. ಅವನು ಹೋದ ಮೇಲೂ ಅವಳ ಕೈ ಅಷ್ಟೇ ಉಪ್ಪು ಹಾಕುತ್ತಿತ್ತು.

ಈ ಸಲ ಹಿರಿಯರಿಗೆ ಎಡೆ ಹಿಡಿದಾಗ ಮಗ ಮಾಲತೇಶ ಹೋಳಿಗೆಯ ಪಕ್ಕ ಅಪ್ಪನ ಬಿಯರನ್ನೂ ಇಟ್ಟ. ಎಡೆ ತೆಗೆದ ಮೇಲೆ ಅದರಲ್ಲಿದ್ದುದನ್ನು ಮನೆಯವರೆಲ್ಲ ಬಾಯಿಗೆ ಹಚ್ಚಬೇಕು. ಹೊಳೆವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

'ಬಿಸಿ ಆಗೈತಿ. ಇದನ್ನ ಕುಡದು ಚಲೋ-ಕೆಟ್ಟ ಹೇಳಬಾರ್ದು. ತಣ್ಣಗ ಮಾಡ್ಕೊಂಡ ಬಾ.'

'ಯವ್ವಾ, ಬಿಯರಿಗೂ ಹದಾ ಹೇಳ್ತಿ ಏನ?' ಮಾಲತೇಶ ನಕ್ಕ.

'ನಿಮ್ಮಪ್ಪಗ ನನ್ನ ಸಾರಿಗಿಂತ ಇದ ಹೆಚ್ಚಾಗಿತ್ತು. ಏನೈತಿ ಅಂತ ನೋಡಬೇಕಲ್ಲ.'

ಫ್ರಿಜ್ಜಿನಲ್ಲಿಟ್ಟು ತಂದ ಮೇಲೆ ಬಾಯಿ ಮುಕ್ಕಳಿಸಿ ಕುಡಿದಳು. ಮೊದಲು ನೊರೆ ಮೂಗಿಗೆ ಚುಚ್ಚಿತು. ನೆನೆದ ಕಾಳಿನ ವಾಸನೆ. ಹಿಡಿಯುವಷ್ಟರಲ್ಲಿ ಜಾರಿಹೋಗುವ ಚೂರು ಸಿಹಿ. ಆಮೇಲೆ ಕಹಿ, ನಾಲಿಗೆಯ ಬುಡದಲ್ಲಿ ಕೂತು ಏಳಲೊಲ್ಲದ ಕಹಿ. ಲೋಟ ಮುಗಿಸಿ ಹೇಳಿದಳು:

'ಕೆಟ್ಟಿಲ್ಲ, ಚಲೋನೂ ಇಲ್ಲ. ಎಲ್ಲಾ ಗುಟುಕೂ ಒಂದ ನಮೂನಿ. ಮಾಡಿದವರ ಕೈಯ ಕಾಣವಲ್ದು ಇದರಾಗ.'

ಊಟಕ್ಕೆ ಕೂತು, ರೊಟ್ಟಿ ಮುರಿದು ತನ್ನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಸಪ್ಪಗಿತ್ತು. ಇನ್ನೊಂದು ತುತ್ತು. ಅದೂ ಸಪ್ಪಗೇ.

'ಅನ್ನಪೂರ್ಣಾ, ನಾ ಉಪ್ಪ ಹಾಕೂದ ಮರತೀನೇನ ಇವತ್ತ?'

ಸೊಸೆ ಗಂಡನ ಮುಖ ನೋಡಿದಳು. 'ಇಲ್ರಿ ಅತ್ತಿ. ಉಪ್ಪ ಭಾಳ ಆಗೈತ್ರಿ. ನಾವು... ನಿಮ್ಮ ಸಾರಿಗಿ ನೀರ ಬೆರಸ್ಕೊಂಡ ಉಣ್ಣೂದ್ರಿ.'

'ಯಾವಾಗಿಂದ?'

'ನಾ ಈ ಮನಿಗಿ ಬಂದಾಗಿಂದ್ರಿ.'

ಹೊಳೆವ್ವ ಎದ್ದು ಬಾಯಿ ಮುಕ್ಕಳಿಸಿದಳು. ಕಹಿ ಪೂರ್ತಿ ಇಳಿಯುವ ತನಕ ಕಟ್ಟೆಯ ಮೇಲೆ ಕೂತಳು. ಬಂದು ಅಂಗೈಗೆ ಸಾರು ಬಿಟ್ಟುಕೊಂಡು ಎರಡು ಸಲ ನೆಕ್ಕಿದಳು. ಉಪ್ಪೆಂದರೆ ಉಪ್ಪು.

ಸತ್ತಿದ್ದು ಯಾರ ನಾಲಿಗೆಯೆಂದು ಈಗ ಗೊತ್ತಾಯಿತು. ಹೇಳೋಣವೆಂದರೆ, ಅಂದು ನಕ್ಕ ಪಂಕ್ತಿಯಲ್ಲಿ ಅರ್ಧಕ್ಕರ್ಧ ಮಂದಿ ಮಣ್ಣಿಗೆ ಹೋಗಿದ್ದರು.