ಆರೆಳೆ ದಾರ

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನ್ನ ಅತ್ತೆ ನನ್ನ ಜೊತೆ ನೇರವಾಗಿ ಮಾತಾಡಿದ್ದೇ ಇರಲಿಲ್ಲ. ಅದು ಸಿಟ್ಟಿನಿಂದಲ್ಲ. ಅಳಿಯನ ಎದುರು ಕೂರಬಾರದು, ಮುಖ ನೋಡಿ ಮಾತಾಡಬಾರದು ಅಂತ ಅವರ ಕಾಲದಲ್ಲಿ ಹೇಳಿಕೊಟ್ಟಿದ್ದನ್ನು ಬಿಡದೆ ಪಾಲಿಸಿಕೊಂಡು ಬಂದವರು. ಏನಾದರೂ ಹೇಳಬೇಕಿದ್ದರೆ ಮಗಳಿಗೆ ಹೇಳುತ್ತಿದ್ದರು. ಮಗಳು ಇಲ್ಲದಿದ್ದರೆ ಬೆಕ್ಕಿಗೆ.

ನಾನು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಒಂದು ಮಳೆಗಾಲದ ಬೆಳಿಗ್ಗೆ ಹೊಸನಗರದ ಸ್ಟ್ಯಾಂಡಿನಲ್ಲಿ ಬಸ್ಸಿನ ಮೇಲಿದ್ದ ಮೂಟೆಗಳ ಹಗ್ಗ ಬಿಚ್ಚಿಕೊಟ್ಟು ಇಳಿಯುವಾಗ ಹಿಂದಿನ ಏಣಿಯಲ್ಲಿ ಕಾಲು ಜಾರಿತು. ಬಿದ್ದಿದ್ದು ಆಳೆತ್ತರದಿಂದ ಅಷ್ಟೇ. ಆದರೆ ಹಿಮ್ಮಡಿಯ ಹತ್ತಿರದ ಎಲುಬು ಎರಡು ಕಡೆ ಮುರಿದಿತ್ತು. ಶಿವಮೊಗ್ಗದಲ್ಲಿ ರಾಡು ಹಾಕಿಸಿಕೊಂಡು ಬಂದೆ. ಮೂರು ತಿಂಗಳು ನೆಲಕ್ಕೆ ಕಾಲು ಊರಬಾರದು ಅಂದರು ಡಾಕ್ಟರು. ಹೆಂಡತಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುವವಳು. ಒಂಬತ್ತಕ್ಕೆ ಮನೆ ಬಿಟ್ಟರೆ ಬರುವಾಗ ನಾಲ್ಕು ದಾಟುತ್ತಿತ್ತು. ನನ್ನನ್ನು ನೋಡಿಕೊಳ್ಳಲು ಕಾರ್ಗಲ್ ಕಡೆಯ ಊರಿಂದ ಅತ್ತೆ ಬಂದರು.

ಹಗಲಿಡೀ ಮನೆಯಲ್ಲಿ ನಾವಿಬ್ಬರೇ. ನಾನು ಜಗಲಿಯ ಮಂಚದ ಮೇಲೆ, ಅವರು ಒಳಮನೆಯ ಹೊಸ್ತಿಲ ಆಚೆ. "ಮಾತ್ರೆ ನುಂಗೋ ಹೊತ್ತಾಯ್ತು," ಎಂದು ಬೆಕ್ಕಿಗೆ ಹೇಳುವರು. ನಾನು ನುಂಗುವೆ. "ಸಾರಿಗೆ ಉಪ್ಪು ಕಮ್ಮಿ ಆಗಿರ್ಬೌದು," ಎಂದು ಗೋಡೆಗೆ ಹೇಳುವರು. "ಸರಿಯಾಗಿದೆ," ಎಂದು ನಾನೂ ಗೋಡೆಗೇ ಹೇಳುವೆ.

ಕೆಲಸ ಮುಗಿದ ಮೇಲೆ ಅವರು ಒಂದು ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡು ಹೊಸ್ತಿಲ ಬಳಿ ಕೂರುತ್ತಿದ್ದರು. ಬೆರಳ ಸಂದಿಯಲ್ಲಿ ಏನೋ ಮಿಂಚುತ್ತಿತ್ತು, ಮಡಿಲಲ್ಲಿ ಬಿಳಿಯದೇನೋ ಬೆಳೆಯುತ್ತಿತ್ತು. ನಾಲ್ಕು ದಿನ ನೋಡಿದೆ. ಐದನೇ ದಿನ ತಡೆಯಲಾಗದೆ ಕೇಳಿದೆ.

"ಅತ್ತೆ, ಅದು ಎಂತದು ಮಾಡ್ತಿರೋದು?"

ಅವರು ಥಟ್ಟನೆ ಸೆರಗು ಮುಚ್ಚಿದರು. ಸಂಜೆ ಹೆಂಡತಿ ಹೇಳಿದಳು. "ಲೇಸು. ಕ್ರೋಶಾ ಹಾಕ್ತಾಳೆ ಅವ್ವ. ನಾನು ಚಿಕ್ಕವಳಿದ್ದಾಗ ಜೋಗದ ಕಾಲೋನಿಗೆ ಹಾಲು ಹಾಕೋಕೆ ಹೋಗ್ತಿದ್ಲು. ಅಲ್ಲಿ ಯಾರೋ ಇಂಜಿನಿಯರ ಹೆಂಡ್ತಿ ಕಲ್ಸಿದ್ದು."

ಮರುದಿನ ಊಟ ಮುಗಿದ ಮೇಲೆ ನೋಡಿದರೆ, ನನ್ನ ಕೈಗೆ ಎಟುಕುವ ಹಾಗೆ ಸ್ಟೂಲಿನ ಮೇಲೆ ಒಂದು ದಾರದುಂಡೆ, ಒಂದು ಕೊಕ್ಕೆಕಡ್ಡಿ. ಕಡ್ಡಿ ಅಂಗಡಿಯದ್ದಲ್ಲ. ಹಳೇ ಕೊಡೆಯ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ತುದಿ ಬಗ್ಗಿಸಿದ್ದು. ತೀರಿಕೊಂಡ ಮಾವ ಮಾಡಿಕೊಟ್ಟಿದ್ದಂತೆ. ಸ್ಟೂಲಿನ ಮೇಲೆ ಯಾಕಿಟ್ಟರು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ತೆಗೆದುಕೊಂಡು ದಾರವನ್ನು ಹೇಗೆ ಹೇಗೋ ಸುತ್ತಿದೆ. ಗಂಟಾಯಿತು. ಬಿಚ್ಚಿದೆ. ಇನ್ನೊಂದು ಗಂಟಾಯಿತು.

"ಎಡಗೈ ಬೆರಳಿಗೆ ಒಂದ್ ಸುತ್ತು ಸುತ್ಕೋಬೇಕು," ಎಂದರು ಅತ್ತೆ ಬೆಕ್ಕಿಗೆ.

ಸುತ್ತಿಕೊಂಡೆ. ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದೆ. ದಾರ ತುಂಡಾಯಿತು.

"ಅಲ್ಲ ಕಣ್ರಿ, ಅಷ್ಟು ಬಿಗಿ ಹಿಡೀಬ್ಯಾಡಿ. ಸ್ಟೇರಿಂಗಾ ಅದು?"

ಆ ಮಾತು ಬೆಕ್ಕಿಗಲ್ಲ ಅಂತ ಇಬ್ಬರಿಗೂ ಗೊತ್ತಾಗಿತ್ತು. ಅತ್ತೆ ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ವಾಪಸು ಬಂದು, ಈ ಸಲ ಹೊಸ್ತಿಲ ಈಚೆ, ಮಣೆ ಹಾಕಿಕೊಂಡು ಕೂತರು. "ಮೊದ್ಲು ಸರಪಳಿ. ನನ್ನ ಕೈ ನೋಡಿ," ಎಂದರು.

ಹೀಗೆ ಐವತ್ತನೇ ವಯಸ್ಸಿನಲ್ಲಿ ನಾನು ಲೇಸು ಕಲಿತೆ. ಕುಣಿಕೆಯೊಳಗೆ ಕುಣಿಕೆ ಎಳೆದರೆ ಸರಪಳಿ. ಸರಪಳಿಯ ಮೇಲೆ ನಿಲ್ಲಿಸಿದರೆ ಕಂಬ. ಕಂಬಗಳ ನಡುವೆ ಜಾಗ ಬಿಟ್ಟರೆ ಕಿಟಕಿ. ಎಲ್ಲೆಲ್ಲಿ ಕಂಬ, ಎಲ್ಲೆಲ್ಲಿ ಕಿಟಕಿ ಅನ್ನುವುದರಲ್ಲೇ ಹೂವು, ಎಲೆ, ನವಿಲು ಎಲ್ಲ ಮೂಡುವುದು. ಇಪ್ಪತ್ತು ವರ್ಷ ಗೇರು ಹಾಕಿದ ಕೈಗೆ ಮೊದಲ ವಾರ ಬೆವರು ಬಿಟ್ಟರೆ ಬೇರೇನೂ ಬರಲಿಲ್ಲ. ಎರಡನೇ ವಾರ ಒಂದು ಗೇಣು ಪಟ್ಟಿ ಬಂತು. ಒಂದು ಕಡೆ ಅಗಲ, ಇನ್ನೊಂದು ಕಡೆ ಸಪೂರ. ಅತ್ತೆ ಅದನ್ನು ಎತ್ತಿ ಹಿಡಿದು, "ಘಾಟಿ ರೋಡಿನ ಹಾಗಿದೆ," ಎಂದರು. ನಕ್ಕಿದ್ದು ಮೊದಲು ಯಾರು ಅಂತ ಈಗ ನೆನಪಿಲ್ಲ.

ಸಂಜೆ ಮನೆಗೆ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಅವ್ವ ಮತ್ತು ಗಂಡ ಮಾತಾಡುತ್ತಿರುವುದನ್ನು ಕೇಳಿ, ಮನೆ ಯಾವುದೆಂದು ಅನುಮಾನ ಬಂದವಳಂತೆ ಒಮ್ಮೆ ಹಿಂದೆ ತಿರುಗಿ ರಸ್ತೆ ನೋಡಿದಳು.

ಡಬ್ಬಿಯ ತಳದಲ್ಲಿ ಹಳೇ ಸೀರೆ ತುಂಡಿನಲ್ಲಿ ಸುತ್ತಿಟ್ಟ ಇನ್ನೊಂದು ಲೇಸಿತ್ತು. ಅದನ್ನು ಅತ್ತೆ ತೋರಿಸಿದ್ದು ತಿಂಗಳಾದ ಮೇಲೆ. ಮಗಳ ಮದುವೆಗೆಂದು ಜೋಡಿ ದಿಂಬಿಗೆ ಲೇಸು ಹೆಣೆಯಲು ಶುರು ಮಾಡಿದ್ದರು. ಒಂದು ದಿಂಬಿನದು ಮುಗಿದು ಮಗಳ ಜೊತೆ ಬಂದಿತ್ತು. ಅದನ್ನು ನಾವು ಟ್ರಂಕಿನಲ್ಲಿಟ್ಟಿದ್ದೆವು, ಒಂಟಿ ದಿಂಬು ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಇನ್ನೊಂದರದು ಅರ್ಧಕ್ಕೆ ಬರುವಾಗ ದಾರ ಮುಗಿಯಿತು. ಈಗ ಹೊಸ್ತಿಲಲ್ಲಿ ಕೂತು ಹೆಣೆಯುತ್ತಿದ್ದ ದಾರ ಅದಕ್ಕಿಂತ ದಪ್ಪ, ಹೊಂದುತ್ತಿರಲಿಲ್ಲ. ದಾರ ತರಿಸಿಕೊಡುತ್ತಿದ್ದ ಆ ಕಾಲೋನಿಯ ಅಮ್ಮ ಅಷ್ಟರಲ್ಲಿ ಗಂಡನಿಗೆ ವರ್ಗವಾಗಿ ಊರು ಬಿಟ್ಟು ಹೋಗಿದ್ದರು. ಆ ವರ್ಷವೇ ಮಾವನೂ ಹೋದರು.

"ಆಮೇಲೆ ಹುಡ್ಕಲಿಲ್ವಾ?" ಎಂದೆ.

"ಎಲ್ಲಿ ಅಂತ ಹುಡ್ಕಾದು. ಯಾರನ್ನ ಕೇಳಾದು."

ನಾನು ಹುಡುಕುತ್ತೇನೆ ಅಂದುಬಿಟ್ಟೆ. ಮೂರು ತಾಲ್ಲೂಕು ದಿನಾ ಸುತ್ತುವವನು ನಾನು, ಒಂದು ಉಂಡೆ ದಾರ ಸಿಗುವುದಿಲ್ಲವೇ ಅನ್ನುವ ಜಂಬ.

ಮೊದಲು ಹೆಂಡತಿ ಸಾಗರದ ಪೇಟೆಯಿಂದ ಒಂದು ತಂದಳು. ಹೊಳೆಯುತ್ತಿತ್ತು. ಅತ್ತೆ ತುದಿಯನ್ನು ದೀಪಕ್ಕೆ ಹಿಡಿದರು. ಕರಗಿ ಕಪ್ಪು ಮಣಿಯಾಯಿತು. "ಪ್ಲಾಸ್ಟಿಕ್ಕು. ಹತ್ತಿ ಆದ್ರೆ ಬೂದಿ ಆಗ್ತದೆ. ಇದರ ಮೇಲೆ ಮಲಗಿದ್ರೆ ಕೆನ್ನೆಗೆ ಚುಚ್ಚತ್ತೆ," ಎಂದರು. ಆಮೇಲೆ ಮೊಬೈಲಿನಲ್ಲಿ ಆರ್ಡರ್ ಮಾಡಿದೆ. ಹತ್ತು ದಿನಕ್ಕೆ ಬಂತು. ಹತ್ತಿಯೇನೋ ಹೌದು. ಅತ್ತೆ ಬೆರಳಲ್ಲಿ ಹೊಸೆದು ನೋಡಿ ನನ್ನ ಕೈಗೇ ಕೊಟ್ಟರು. "ಇದ್ರಲ್ಲಿ ದನ ಕಟ್ಬೌದು."

ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಆಟೋ ಮಾಡಿಕೊಂಡು ನಾನೇ ಪೇಟೆಯ ದಾರದ ಅಂಗಡಿಗೆ ಹೊರಟೆ. ಅಂಗಡಿಯವನಿಗೆ ಹಳೇ ದಾರದ ತುಂಡು ತೋರಿಸಿದೆ. ಅವನು ಸೀರೆಯ ಕುಚ್ಚು ಕಟ್ಟುವ ರೇಷ್ಮೆ ದಾರದ ಬಣ್ಣಬಣ್ಣದ ಸಾಲು ತೋರಿಸಿದ.

"ಮನೆಯವ್ರಿಗೆ ಯಾವ ಬಣ್ಣದ ಸೀರೆ?" ಎಂದು ಕೇಳಿದ.

"ಸೀರೆಗಲ್ಲ. ಲೇಸಿಗೆ. ನಾನು ಹೆಣೆಯೋದು."

ಅವನು ನನ್ನ ಊರುಗೋಲು, ಮೀಸೆ ಎರಡನ್ನೂ ನೋಡಿದ. "ಆ ಥರದ್ದು ಈಗ ಬರಲ್ಲ," ಎಂದು ಹೇಳಿ ಪೆಟ್ಟಿಗೆ ಮುಚ್ಚಿದ.

ಕಾಲು ಸರಿಯಾಗಿ ಕೆಲಸಕ್ಕೆ ಮರಳಿದಾಗ ದೀಪಾವಳಿ ಕಳೆದಿತ್ತು. ಅತ್ತೆ ಊರಿಗೆ ಹೊರಡುವ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ದಾರದ ತುಂಡನ್ನು ಖಾಲಿ ಮಾತ್ರೆ ಪೊಟ್ಟಣಕ್ಕೆ ಹಾಕಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಹೊಸನಗರದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಅಲ್ಲಿಯ ದರ್ಜಿಗಳನ್ನೆಲ್ಲ ಕೇಳಿ ಮುಗಿಸಿದೆ. ಎಲ್ಲರ ಬಳಿಯೂ ಮಿಶಿನ್ನಿನ ದಾರ, ಕೂದಲಿನಷ್ಟು ಸಪೂರ. ತೀರ್ಥಹಳ್ಳಿಯಲ್ಲಿ ಮುಕ್ಕಾಲು ಗಂಟೆ ಬಿಡುವು. ಅಲ್ಲಿ ಒಬ್ಬರು ದರ್ಜಿ, "ಹಿಂದಿನ ಬೀದೀಲಿ ಒಬ್ರು ಅಮ್ಮ ಇದಾರೆ, ಕೇಳಿ ನೋಡಿ," ಎಂದರು.

ಅದು ಗುಂಡಿ, ಸೂಜಿ, ಲಾಡಿ ಮಾರುವ ಇಕ್ಕಟ್ಟಾದ ಅಂಗಡಿ. ಎಪ್ಪತ್ತು ದಾಟಿದ ಹೆಂಗಸು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು.

"ಎಂತ ಬೇಕಿತ್ತು?"

ಪೊಟ್ಟಣ ಬಿಚ್ಚಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ದಾರದ ತುದಿಯನ್ನು ಉಗುರಿನಿಂದ ಬಿಡಿಸಿದರು. ಎಳೆ ಎಣಿಸಿದರು. "ಆರೆಳೆ. ಇದು ಹಳೇದು. ಹೆಣೆಯೋದು ಯಾರು?"

"ನಮ್ಮ ಅತ್ತೆ. ನಾನೂ."

ಅವರು ನಗಲಿಲ್ಲ. "ಎಡಗೈ ಕೊಡಿ," ಎಂದು ತೋರುಬೆರಳನ್ನು ತಿರುಗಿಸಿ ನೋಡಿದರು. ದಾರ ಓಡಿ ಓಡಿ ಅಲ್ಲಿ ಸಣ್ಣ ಗೀರು ಬಿದ್ದಿತ್ತು. "ಹೌದು," ಎಂದರು. ಎದ್ದು ಒಳಗೆ ಹೋಗಿ, ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ ಪೊಟ್ಟಣ ತಂದರು. ಒಳಗೆ ಮೂರು ಉಂಡೆ. ಬಿಳುಪು ಸ್ವಲ್ಪ ಮಾಸಿ ಕೆನೆಯ ಬಣ್ಣಕ್ಕೆ ತಿರುಗಿತ್ತು, ನಮ್ಮ ಹಳೇ ಲೇಸಿನ ಹಾಗೆಯೇ.

"ನನಗೇಂತ ಇಟ್ಕೊಂಡಿದ್ದೆ. ಈಗ ಕೈ ನಡುಗ್ತದೆ, ಆಗೋದಿಲ್ಲ. ಆದ್ರೆ ಮೂರೂ ಕೊಡೋದಿಲ್ಲ. ಒಂದು ತಗೊಂಡ್ಹೋಗಿ. ಹೆಣೆದು ತಂದು ತೋರ್ಸಿ. ಆಮೇಲೆ ಇನ್ನೊಂದು."

ಮನೆಗೆ ಬಂದು ಉಂಡೆಯನ್ನು ಅತ್ತೆಯ ಕೈಗಿಟ್ಟೆ. ಅವರು ದೀಪಕ್ಕೆ ಹಿಡಿಯಲಿಲ್ಲ. ಕೆನ್ನೆಗೆ ಒತ್ತಿಕೊಂಡರು. "ಇದೇ," ಎಂದರು. ಇನ್ನೊಂದು ಕೆನ್ನೆಗೂ ಒತ್ತಿಕೊಂಡು ಮತ್ತೆ, "ಇದೇ ಅದು."

ಆದರೆ ಅವರಿಂದ ಮುಗಿಸಲಾಗಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ದಪ್ಪ ದಾರವಾದರೆ ಬೆರಳಲ್ಲೇ ಅಂದಾಜು ಸಿಗುತ್ತಿತ್ತು, ಇದರಲ್ಲಿ ಕಿಟಕಿ ಎಣಿಸಲು ಆಗುತ್ತಿರಲಿಲ್ಲ. ಎರಡು ದಿನ ಹೆಣಗಿ ಮೂರನೇ ದಿನ ಅರ್ಧ ಲೇಸನ್ನು ನನ್ನ ಮುಂದಿಟ್ಟರು. "ನೀವೇ ಮುಗ್ಸಿ."

ಬೆಳಿಗ್ಗೆ ಚಹಾ ಕುಡಿಯುವಾಗ, ರಜೆಯ ದಿನ, ತೀರ್ಥಹಳ್ಳಿಯ ಬಿಡುವಿನಲ್ಲಿ ಡ್ರೈವರ್ ಸೀಟಿನಲ್ಲಿ ಕೂತು ಹೆಣೆದೆ. ಕಂಡಕ್ಟರು ಒಂದು ವಾರ ತಮಾಷೆ ಮಾಡಿದ. ಎರಡನೇ ವಾರ, ಕಿಟಕಿಯಿಂದ ಇಣುಕಿ ನಕ್ಕ ಒಬ್ಬ ಪ್ಯಾಸೆಂಜರಿಗೆ, "ನಿಮ್ಗೆ ಬರ್ತದಾ? ಬರದಿದ್ರೆ ಸುಮ್ನೆ ಕೂತ್ಕೊಳಿ," ಎಂದು ಅವನೇ ಹೇಳಿದ.

ಏಳು ಹೂವು ಮುಗಿದ ದಿನ ಹೆಮ್ಮೆಯಿಂದ ಅತ್ತೆಗೆ ಕೊಟ್ಟೆ. ಅವರು ಹೆಬ್ಬೆರಳನ್ನು ಲೇಸಿನ ಉದ್ದಕ್ಕೂ ಮೆಲ್ಲಗೆ ಎಳೆಯುತ್ತ ಹೋದರು. ಎರಡನೇ ಹೂವಿನ ಮೇಲೆ ಬೆರಳು ನಿಂತಿತು.

"ಇಲ್ಲೊಂದು ಕಂಬ ಕಮ್ಮಿ."

"ಯಾರಿಗೆ ಕಾಣ್ತದೆ ಅತ್ತೆ?"

"ಕಣ್ಣಿಲ್ಲದ ನಂಗೇ ಸಿಕ್ತಲ್ಲ."

ಆರು ಹೂವು ಬಿಚ್ಚಬೇಕು. ಅಂದರೆ ಎರಡು ವಾರದ ಕೆಲಸ. ನನಗೆ ನಿಜಕ್ಕೂ ಸಿಟ್ಟು ಬಂತು. ಲೇಸನ್ನು ಡಬ್ಬಿಗೆ ತುರುಕಿ ಎದ್ದೆ. ಆ ಸಂಜೆ ಊಟಕ್ಕೆ ಅತ್ತೆ ನನಗೆ ಇಷ್ಟವೆಂದು ಕೆಸುವಿನ ಪತ್ರೊಡೆ ಮಾಡಿದ್ದರು. ಮರುದಿನ ಬೆಳಿಗ್ಗೆ ದಾರದ ತುದಿ ಹಿಡಿದು ಎಳೆದೆ. ಹೆಣೆಯಲು ಎರಡು ವಾರ ಹಿಡಿದದ್ದು ಚಹಾ ಆರುವುದರೊಳಗೆ ಬಿಚ್ಚಿಕೊಂಡಿತು. ಅತ್ತೆ ಪಕ್ಕದಲ್ಲಿ ಕೂತು ಬಿಚ್ಚಿದ ದಾರವನ್ನು ಉಂಡೆಗೆ ಸುತ್ತುತ್ತಾ ಹೋದರು.

ಎರಡನೇ ಉಂಡೆ ತೀರ್ಥಹಳ್ಳಿಯ ಅಮ್ಮ ತಕರಾರಿಲ್ಲದೆ ಕೊಟ್ಟರು. ಲೇಸನ್ನು ಬೆಳಕಿಗೆ ಹಿಡಿದು, "ಮೂಲೆ ತಿರುಗ್ಸೋದು ಚೆನ್ನಾಗಿ ಬಂದಿದೆ," ಎಂದರು. ಆ ಮಾತು ನನಗೆ ತೀರ್ಥಹಳ್ಳಿಯಿಂದ ಕೋಣಂದೂರಿನವರೆಗೂ ಸಾಕಾಯಿತು.

ಯುಗಾದಿಗೆ ಸ್ವಲ್ಪ ಮೊದಲು ಮುಗಿಯಿತು. ಅತ್ತೆ ಅದನ್ನು ಗಂಜಿನೀರಿನಲ್ಲಿ ಅದ್ದಿ, ಚಾಪೆಯ ಮೇಲೆ ಚಪ್ಪಟೆಯಾಗಿ ಹರವಿ, ಅಂಚಿಗೆಲ್ಲ ಗುಂಡುಸೂಜಿ ಚುಚ್ಚಿ ಒಣಗಿಸಿದರು. ಬಿಳಿ ಬಟ್ಟೆಯ ಕವರಿಗೆ ಹೊಲಿದು ಎರಡು ದಿಂಬನ್ನೂ ಮಂಚದ ಮೇಲೆ ಜೋಡಿಸಿಟ್ಟೆವು. ಶಾಲೆಯಿಂದ ಬಂದ ಹೆಂಡತಿ ಕೈ ತೊಳೆದುಕೊಂಡು ಬಂದು ಮುಟ್ಟಿದಳು. ಯಾವುದು ಅವ್ವನದು, ಯಾವುದು ನನ್ನದು ಅಂತ ಕೇಳಲಿಲ್ಲ.

"ಈಗ ನೋಡು ಅವ್ವ, ನನ್ನ ಮದ್ವೆ ಮುಗೀತು," ಎಂದಳು. ಆಮೇಲೆ ಚಹಾ ಮಾಡುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಅತ್ತೆ ನನ್ನನ್ನು ನೋಡಿ, ಹೋಗಬೇಡಿ ಎಂಬಂತೆ ಕೈಸನ್ನೆ ಮಾಡಿದರು.

ಬೇಸಿಗೆಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ವಾರಕ್ಕೆ, ಕಪ್ಪು ಕನ್ನಡಕ ಹಣೆಗೇರಿಸಿ, ದಿಂಬುಗಳನ್ನು ಕಿಟಕಿ ಹತ್ತಿರ ತರಿಸಿ ನೋಡಿದರು.

"ಈ ಎಲೆ ಸೊಟ್ಟ ಆಗಿದೆ. ಇದನ್ನ ಯಾರು ಮಾಡಿದ್ದು?"

ಅದು ಮದುವೆಗೆ ಬಂದ ದಿಂಬು. "ಅದು ನೀವು ಮಾಡಿದ್ದು ಅತ್ತೆ."

ಅವರು ಇನ್ನೊಮ್ಮೆ ನೋಡಿದರು. "ಮದ್ವೆ ಗಡಿಬಿಡಿ," ಎಂದು ದಿಂಬನ್ನು ಮಗುಚಿಟ್ಟರು.

ಇನ್ನು ದೂರದ ಪ್ರಯಾಣ ಮಾಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಒಂದು ಶನಿವಾರ ಅವರು ನನ್ನ ಬಸ್ಸು ಹತ್ತಿದರು. ಇಂಜಿನ್ ಪಕ್ಕದ ಸೀಟಿನಲ್ಲಿ ಕೂತು ಬಟ್ಟೆಮಲ್ಲಪ್ಪದಿಂದಲೇ ರಸ್ತೆ ಬದಿಯ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಓದತೊಡಗಿದರು. ತೀರ್ಥಹಳ್ಳಿಯಲ್ಲಿ ಇಳಿದು ಅಂಗಡಿಗೆ ಕರೆದುಕೊಂಡು ಹೋದೆ. ಗಲ್ಲಾಪೆಟ್ಟಿಗೆಯ ಹಿಂದಿದ್ದ ಅಮ್ಮ ಒಂದು ಸ್ಟೂಲು ಹಾಕಿಸಿದರು. ಬೆಂಗಳೂರಿಂದ ಹೊಸದಾಗಿ ತರಿಸಿದ ಹತ್ತಿ ದಾರ ಬಂದಿತ್ತು, ಬಣ್ಣದ್ದು. ಅತ್ತೆ ಜೀವಮಾನವಿಡೀ ಬಿಳಿಯಲ್ಲೇ ಹೆಣೆದವರು.

"ಬಾಗ್ಲ ತೋರಣಕ್ಕೆ ಹಸ್ರು ಬೇಕು," ಎಂದರು.

"ಗಿಳಿ ಹಸ್ರು ಇದೆ, ಪಾಚಿ ಹಸ್ರು ಇದೆ," ಎಂದರು ಅಮ್ಮ.

"ಮಾವಿನ ಎಲೆ ಎರಡೂ ಅಲ್ಲ. ಚಿಗುರು ಬೇರೆ, ಬಲ್ತಿದ್ದು ಬೇರೆ."

"ಹಾಗಾದ್ರೆ ಮೂರು ಬಣ್ಣ ಆಗ್ತದೆ. ಕೂತ್ಕೊಳಿ, ಎಲ್ಲ ತೆಗೀತೇನೆ."

ಒಂದೊಂದೇ ಉಂಡೆ ಹೊರಗೆ ಬಂತು. ಇಬ್ಬರೂ ಅವನ್ನು ಬಾಗಿಲ ಬೆಳಕಿಗೆ ತಂದು ಹಿಡಿದರು. ಎಳೆ ಬಿಡಿಸಿದರು. ಒಬ್ಬರ ಬೆರಳನ್ನು ಇನ್ನೊಬ್ಬರು ನೋಡಿದರು. ನನ್ನ ಬಿಡುವು ಮುಗಿಯುತ್ತಾ ಬಂತು. ಸ್ಟ್ಯಾಂಡಿನಲ್ಲಿ ಕಂಡಕ್ಟರು ಸೀಟಿ ಊದುವುದು ಕೇಳಿಸಿತು.

"ಅತ್ತೆ, ಬಸ್ಸು ಬಿಡೋ ಹೊತ್ತಾಯ್ತು."

ಅವರು ತಲೆ ಎತ್ತಲಿಲ್ಲ. "ನೀವು ಹೋಗಿ. ಪ್ಯಾಸೆಂಜರು ಕಾಯ್ತಾರೆ. ನಾನು ಮುಂದಿನ ಬಸ್ಸಿಗೆ ಬರ್ತೀನಿ," ಎಂದರು.

ನಾನು ಹೋಗಿ ಬಸ್ಸು ಸ್ಟಾರ್ಟ್ ಮಾಡಿದೆ.