ಅದು ಆ ಕೆಂಪಲ್ಲ

ಹೈರಿಡ್ಜ್ ಬಡಾವಣೆಯ ಪೆಟ್ರೊನಿಲ್ಲಾ ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳು. ಆದರೆ ಒಂದು ದಿನವೂ ಮನುಷ್ಯರ ಮುಖ ಬರೆದವಳಲ್ಲ. ಮನೆಯಲ್ಲಿ ಕೂತರೆ ಅವಳಿಗೆ ಕೈಯೇ ಓಡದು. ಶನಿವಾರ ಬಂತೆಂದರೆ ಬಾಡಿಗೆ ವ್ಯಾನು ಮಟಾಟು ಹತ್ತಿ ಕಸರಾನಿ ಸ್ಟಾಪಿನವರೆಗೆ ಹೋಗಿಬರಬೇಕು. ಹಳೇ ಕಲ್ಲುಮನೆ, ಬಾಲ್ಕನಿಯ ಕಬ್ಬಿಣದ ಬಳ್ಳಿ, ಎದುರಿನ ಮಟಾಟುಗಳ ಮೈತುಂಬಾ ಬಳಿದ ಚಿತ್ರ, ಎಲ್ಲವೂ ಬಣ್ಣದ ಹೆಸರು ಸಮೇತ ಚಿತ್ರದ ಪುಸ್ತಕಕ್ಕಿಳಿಯಬೇಕು.

"ಜನರನ್ನೂ ಸ್ವಲ್ಪ ನೋಡು ಮಾರಾಯ್ತಿ," ಎಂದು ಗಂಡ ಡೆಂಜಿಲ್ ಕಿಚಾಯಿಸಿದರೆ, "ಗೋಡೆ ಅಲ್ಲಾಡುದಿಲ್ಲ, ಮುಖ ಅಲ್ಲಾಡ್ತದೆ. ನನಗೆ ಪುರುಸೊತ್ತಿಲ್ಲ," ಎನ್ನುತ್ತಿದ್ದಳು. ವಾರವಾರವೂ ಅವಳಿಗೆ ಕಿಟಕಿ ಸೀಟು ಹಿಡಿದಿಡುತ್ತಿದ್ದ ಕಂಡಕ್ಟರ್ ಮುಟುಂಗಾನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ ಅಂದರೆ ಲೆಕ್ಕ ಹಾಕಿ!

ಆ ಶನಿವಾರ ಕಸರಾನಿಯಲ್ಲಿ ಗಾಡಿ ನಿಂತದ್ದೇ ತಡ, ಒಬ್ಬ ಒಳನುಗ್ಗಿ ಅವಳ ಚೀಲಕ್ಕೆ ಕೈಹಾಕಿದ. ಚೀಲದಲ್ಲಿ ಪುಸ್ತಕವಿತ್ತು. "ಚೀಲ ಬಿಡಿ ಮಮಾ!" ಎಂದು ಮುಟುಂಗಾ ಅವಳಿಗೆ ಕೂಗಿದ. ಬಿಟ್ಟರೆ ತಾನೆ? ಕಳ್ಳ ಕತ್ತಿ ಎತ್ತಿದ, ಮುಟುಂಗಾ ತೋಳು ಅಡ್ಡ ಕೊಟ್ಟ. ಮಾಂಸ ಸೀಳಿ ಮೂಳೆ ಕಂಡಿತು. ರಕ್ತ ಅವಳ ಕನ್ನಡಕಕ್ಕೆ ಚಿಮ್ಮಿತು. ಕಳ್ಳ ಬರಿಗೈಯಲ್ಲಿ ಜಿಗಿದು ಓಡಿದ.

"ಮ್ವಿಜಿ! ಕಳ್ಳ! ಕೆಂಪು ಅಂಗಿ, ಕೆಂಪು ಅಂಗಿ!" ಎಂದು ಅವಳು ಕಿಟಕಿಯಿಂದ ಕಿರುಚಿದಳು. ಕಂಡದ್ದು ಬಣ್ಣ, ಹೇಳಿದ್ದೂ ಬಣ್ಣ.

ಜನ ಬೆನ್ನಟ್ಟಿದರು. ಎರಡೇ ನಿಮಿಷಕ್ಕೆ ಕೆಂಪು ಅಂಗಿಯವನೊಬ್ಬನನ್ನು ಎಳೆತಂದು ರಸ್ತೆಗೆ ಕೆಡವಿದರು. ಬೂಟುಗಾಲಿನಿಂದ ಒದ್ದರು, ದೊಣ್ಣೆಯಿಂದ ಬಡಿದರು, ಕಲ್ಲಿನಿಂದ ಜಜ್ಜಿದರು. ಹಲ್ಲು ಟಾರಿನ ಮೇಲೆ ಬಿತ್ತು. ಕೊರಳಿಗೆ ಹಾಕಿ ಸುಡಲೆಂದು ಒಬ್ಬ ಟಯರ್ ಉರುಳಿಸಿಕೊಂಡು ಬಂದ, ಇನ್ನೊಬ್ಬ ಪೆಟ್ರೋಲ್ ತಂದ.

ಪೆಟ್ರೊನಿಲ್ಲಾ ಇಳಿದು ನೋಡಿದಳು. ಕಳ್ಳನದು ಹಳೇ ಹೆಂಚಿನ ಕೆಂಪು, ಇವನದು ಟೊಮೇಟೊ ಕೆಂಪು.

"ಸಾಯ್ಬಾ, ದೇವರೇ! ಅದು ಆ ಕೆಂಪಲ್ಲ! ಇವನಲ್ಲ, ಬಿಡಿ!"

"ಹಾಗಾದರೆ ಕಳ್ಳನ ಮುಖ ಹೇಗಿತ್ತು?" ಎಂದು ದೊಣ್ಣೆಯವನು ಕೇಳಿದ.

"ಹೆಂಚಿನ ಕೆಂಪು..." ಎಂದಳು ಅವಳು. ದೊಣ್ಣೆ ಮತ್ತೆ ಬಿತ್ತು, ಈ ಸಲ ಕೆಳಗೆ ಬಿದ್ದವನ ಎಡಗಣ್ಣಿಗೆ. ಅಯ್ಯೋ ಎಂದು ಅವಳು ಅವನ ಮೇಲೆ ಅಡ್ಡಬಿದ್ದಳು, ಮುಂದಿನ ಏಟು ಅವಳ ಭುಜಕ್ಕಾಯಿತು. ಅಷ್ಟರಲ್ಲಿ ಮುಟುಂಗಾ ತೋಳಿಗೆ ಬಟ್ಟೆ ಸುತ್ತಿಕೊಂಡು ತೂರಾಡುತ್ತಾ ಬಂದ.

"ಮುಟ್ಠಾಳರಾ, ಇವನು ಜೋಳ ಸುಡುವ ಕಿಯೊಕೊ! ಕಳ್ಳನ ಮುಖ ನಾನು ನೋಡಿದ್ದೇನೆ!"

ಆಗ ಟಯರ್ ಹಿಂದಕ್ಕುರುಳಿತು.

ನಾಲ್ಕನೇ ದಿನ ಪೆಟ್ರೊನಿಲ್ಲಾ ಪುಸ್ತಕ ಹಿಡಿದು ಆಸ್ಪತ್ರೆಗೆ ಹೋದಳು. ಕಿಯೊಕೊನ ಎಡಗಣ್ಣು ತೆಗೆದುಹಾಕಿ ಪಟ್ಟಿ ಕಟ್ಟಿದ್ದರು. ಅವಳು ಗೊಳೋ ಎಂದು ಅತ್ತಳು, ಕ್ಷಮೆ ಕೇಳಿದಳು.

"ಪ್ರತಿ ಶನಿವಾರ ಮಟಾಟು ನಿಂತಾಗ ನಿಮ್ಮ ಕಿಟಕಿಯ ಕೆಳಗೇ ನನ್ನ ಜೋಳದ ಒಲೆ, ಮಮಾ," ಎಂದ ಅವನು. "ನೀವು ನನ್ನ ತಲೆಯ ಮೇಲಿನಿಂದ ಬಾಲ್ಕನಿ ನೋಡ್ತೀರಿ."

ಅವಳು ಹಾಳೆ ತಿರುವಿ ಅವನ ಹಣೆ ಬರೆದಳು, ಮೂಗು ಬರೆದಳು, ಬಲಗಣ್ಣು ಬರೆದಳು. ಅವನು ಬಗ್ಗಿ ನೋಡಿದ.

"ಪಟ್ಟಿ ಬೇಡ ಮಮಾ. ಆ ಕಣ್ಣನ್ನೂ ಮೊದಲಿನ ಹಾಗೆಯೇ ಬರೆಯಿರಿ."

ಮೊದಲು ಅದು ಹೇಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.