ಮಳೆಗಾಲಕ್ಕೆ ಏಳದ ಕೀ

ನಾನು ನಿಂತಿದ್ದದ್ದು ಪಿಯಾನೋದ ಎಡಗಡೆ, ಹಾಳೆ ತಿರುವುವವನು ನಿಲ್ಲುವ ಜಾಗದಲ್ಲಿ. ಕೊಡಗಿನ ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟ್ ಬಂಗಲೆ. ಆರು ವರ್ಷದ ಹಿಂದಿನ ಆಗಸ್ಟ್, ಭಾನುವಾರ, ಸಂಜೆ ನಾಲ್ಕು ಗಂಟೆ. ನುಡಿಸುತ್ತಿದ್ದ ನಮ್ಮ ಪಿಯಾನೋ ಮೇಷ್ಟ್ರ ಕಿರುಬೆರಳಿನ ಉದ್ದನೆಯ ಉಗುರು ಕೀಗೆ ತಾಗಿದಾಗಲೆಲ್ಲ ಟಿಕ್ ಎನ್ನುತ್ತಿತ್ತು. ಶಿಷ್ಯರ ಉಗುರು ಒಂದು ಗೆರೆ ಬೆಳೆದಿದ್ದರೂ ಅವರು ಪಾಠ ಮಾಡದೆ ಮನೆಗೆ ಕಳಿಸುತ್ತಿದ್ದರು.

ಹದಿನಾಲ್ಕು ವರ್ಷ ಅವರ ಬಳಿ ಕಲಿತೆ. ತಾವು ಮುಂಬೈಯ ಹೋಟೆಲುಗಳಲ್ಲಿ ನುಡಿಸಿದ್ದಾಗಿ, ಸಿನಿಮಾಕ್ಕೆ ಸಂಗೀತ ಮಾಡಿದ್ದಾಗಿ ಹೇಳುತ್ತಿದ್ದರು. ಯಾವ ಸಿನಿಮಾ ಎಂದು ಕೇಳಿದರೆ, "ನಿಂಗೆ ಗೊತ್ತಾಗಲ್ಲ ಬಿಡು" ಎನ್ನುವರು. ಬೇರೆಯವರು ಮುಟ್ಟಿದ ಪಿಯಾನೋವನ್ನು ಕರ್ಚೀಫಿನಿಂದ ಒರೆಸಿಯೇ ಕೂರುವರು. ಜೂನ್‌ನಿಂದ ಅಕ್ಟೋಬರ್‌ವರೆಗೆ, ಥಂಡಿ ಹಿಡಿಯದಿರಲೆಂದು, ಅವರ ಮನೆಯ ಪಿಯಾನೋದೊಳಗೆ ಒಂದು ಬಲ್ಬು ಉರಿಯುತ್ತಲೇ ಇರುತ್ತಿತ್ತು.

ಆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ ಮಗಳೂ ಅವರ ಬಳಿ ಕಲಿಯುತ್ತಿದ್ದಳು. ಹತ್ತೊಂಬತ್ತು ವಯಸ್ಸು. ಅವಳ ಅಭ್ಯಾಸ ಚರ್ಚಿನ ಹಾಲ್‌ನಲ್ಲಿದ್ದ ಹಳೆಯ ಪಿಯಾನೋದಲ್ಲಿ. ಅದಕ್ಕೆ ಬಲ್ಬಿಲ್ಲ. ಮಳೆಗೆ ಮರ ಉಬ್ಬಿ, ನಡುವಿನ ಒಂದು ಕೀ ಒತ್ತಿದರೆ ಒತ್ತಿದಂತೆಯೇ ಉಳಿಯುತ್ತಿತ್ತು. ಜುಲೈಯಲ್ಲಿ ನಾನೇ ಒತ್ತಿ ನೋಡಿದ್ದೇನೆ. ಆ ಒಂದು ಸ್ವರವನ್ನು ಹಾರಿಸಿ ಅವಳೊಂದು ಟ್ಯೂನ್ ಕಟ್ಟಿದ್ದಳು. ಪಾಠಕ್ಕೆ ಬಂದು ನುಡಿಸಿದಾಗ ಮೇಷ್ಟ್ರು ನಕ್ಕರು.

"ಇದು ಕುಂಟ್ತದಲ್ಲ ಕಣಮ್ಮ! ಕಾಫಿ ಕುಯ್ಯೋ ಕೈಗೆ ಇಷ್ಟೇ ಬರೋದು."

ಆ ಭಾನುವಾರ ಬೆಂಗಳೂರಿನ ಸಂಗೀತ ಶಾಲೆಯೊಂದರ ಮೇಡಂ ಬಂದಿದ್ದರು. ಸ್ವಂತ ರಚನೆ ನುಡಿಸಿ ಮೆಚ್ಚಿಸಿದ ಒಬ್ಬರಿಗೆ ಅಲ್ಲಿ ಸೀಟು. ಶಿಷ್ಯರಿಗಿಂತ ಮೊದಲು ತಾವೇ ನುಡಿಸುವುದು ಮೇಷ್ಟ್ರ ಪದ್ಧತಿ. ಅಂದು ನುಡಿಸಿದ್ದು ಅವಳ ಟ್ಯೂನ್. ಹಾಳೆಯ ಮೇಲೆ ಅವರ ಹೆಸರಿತ್ತು. ನಾನು ತಿರುವಿದೆ.

ಮೇಡಂ ಕೇಳಿದರು: "ಚೆನ್ನಾಗಿದೆ ಸರ್. ಆದ್ರೆ ನಡುವೆ ಒಂದು ಸ್ವರ ಯಾಕೆ ಬಿಟ್ಟಿದೀರಿ?"

"ಅದು ವಿರಹ ಮೇಡಂ," ಎಂದರು ಮೇಷ್ಟ್ರು, ಕಣ್ಣು ಮುಚ್ಚಿ. "ಮುಂಬೈಲಿದ್ದಾಗ ಕಟ್ಟಿದ್ದು. ಕಳ್ಕೊಂಡೋರಿಗೆ ಮಾತ್ರ ಅರ್ಥ ಆಗೋದು."

ಕದಿಯುವವರು ಟ್ಯೂನಿನ ಕುಂಟುವಿಕೆಯನ್ನೂ ಬಿಡದೆ ಕದ್ದಿದ್ದರು.

ಹಿಂದಿನ ಕುರ್ಚಿಯಿಂದ ಹುಡುಗಿ ಎದ್ದಳು. "ವಿರಹ ಅಲ್ಲ ಮೇಡಂ. ಚರ್ಚ್ ಪಿಯಾನೋದಲ್ಲಿ ಆ ಕೀ ಮಳೆಗಾಲದಲ್ಲಿ ಏಳಲ್ಲ. ಅದಕ್ಕೇ ನಾನು ಬಿಟ್ಟಿದ್ದು."

"ನೋಡಿ, ಹೇಳಿಕೊಟ್ಟ ತಪ್ಪಿಗೆ ಈಗ ನನ್ನ ಟ್ಯೂನನ್ನೇ ತನ್ನದು ಅಂತಾಳೆ," ಎಂದು ಮೇಷ್ಟ್ರು ನಕ್ಕರು.

ಮೇಡಂ ನನ್ನ ಕಡೆ ತಿರುಗಿದರು. "ನೀವು ಆ ಪಿಯಾನೋ ನೋಡಿದೀರಾ?"

ಮೇಷ್ಟ್ರ ಉಗುರು ಮುಚ್ಚಳದ ಮೇಲೆ ಮೂರು ಸಲ ಟಿಕ್ ಎಂದಿತು.

"ಇಲ್ಲ," ಎಂದೆ.

ಆ ವರ್ಷ ಯಾರಿಗೂ ಸೀಟು ಸಿಗಲಿಲ್ಲ. ಮುಂದಿನ ವಾರ ಹುಡುಗಿ ಪಾಠಕ್ಕೆ ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಸಂತಾಪ ಸಭೆಯಲ್ಲಿ ನುಡಿಸಿದ್ದೂ ಆ ಟ್ಯೂನೇ. ಅದು ಅವರ ಶ್ರೇಷ್ಠ ರಚನೆ ಎಂದು ಭಾಷಣ ಮಾಡಿದವರೆಲ್ಲ ಹೇಳಿದರು. ಬೆರಳು ಎಲ್ಲಿಡಬೇಕೆಂದು ಅವರಿಂದ ಕಲಿತೆ. ಬಾಯಿ ಮುಚ್ಚಿಕೊಳ್ಳುವುದನ್ನೂ ಅವರಿಂದಲೇ ಕಲಿತೆ.

ಮೇಡಂ ಈಗ ಎಲ್ಲಿದ್ದಾರೋ ತಿಳಿಯದು. ಅಂದು ನಡೆದದ್ದಕ್ಕೆ ಸಾಕ್ಷಿಯಾಗಿ ಇಂದೂ ಬದುಕಿರುವವರು, ನನಗೆ ತಿಳಿದಂತೆ, ಇವರು: ಟೀ ಟ್ರೇ ಹಿಡಿದಿದ್ದ ಬಂಗಲೆಯ ಅಡಿಗೆಯವರು, ಚಪ್ಪಲಿ ಬಿಟ್ಟು ಬಾಗಿಲಾಚೆ ನಿಂತಿದ್ದ ರೈಟರು, ಈಗ ನಾಪೋಕ್ಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಮಗಳು. ಮತ್ತೆ ನಾನು, ಹಾಳೆ ತಿರುವಿದವನು.